ಮಗಳು ಒಂದೇ ವರ್ಷದಲ್ಲಿ ಎತ್ತರವಾದಳು, ಸ್ಕೇಟಿಂಗ್ ಜಿಗಿತಗಳು ಕೈಕೊಟ್ಟವು: ಊಟ ಕಡಿಮೆ ಮಾಡಿಸಬೇಕೇ?

ತಿಲಕವಾಡಿ_ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿಮೂರು ವರ್ಷ. ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ಬೆಳಗಾವಿಯಲ್ಲಿ ಸ್ಕೇಟಿಂಗ್ ಎಂದರೆ ಎಲ್ಲರಿಗೂ ವೇಗದ ಓಟವೇ ನೆನಪಾಗುತ್ತದೆ. ಇದು ಬೇರೆ. ಮಂಜುಗಡ್ಡೆಯ ಫಿಗರ್ ಸ್ಕೇಟಿಂಗ್‌ನಲ್ಲಿ ಇರುವ ಜಿಗಿತ, ಸುತ್ತುಗಳನ್ನೇ ನಾಲ್ಕು ಗಾಲಿಗಳ ಮೇಲೆ, ಸಂಗೀತಕ್ಕೆ ಹೊಂದಿಸಿ ಮಾಡುವುದು.

ಹೋದ ವರ್ಷ ಅವಳಿಗೆ ಆಕ್ಸೆಲ್ (ಒಂದೂವರೆ ಸುತ್ತಿನ ಜಿಗಿತ) ನೀರು ಕುಡಿದಷ್ಟು ಸುಲಭವಾಗಿತ್ತು, ಡಬಲ್ ಸಾಲ್ಕೋ ಎಂಬ ಎರಡು ಸುತ್ತಿನ ಜಿಗಿತ ಕೂಡ ಬರುತ್ತಿತ್ತು. ಆಗ 148 ಸೆಂ.ಮೀ. ಇದ್ದವಳು ಈಗ 156. ಈ ನಡುವೆ ಮುಟ್ಟೂ ಶುರುವಾಯಿತು. ಈಗ ಡಬಲ್ ಹಾಗಿರಲಿ, ಆಕ್ಸೆಲ್‌ನಲ್ಲೇ ಬೀಳುತ್ತಾಳೆ. ತರಬೇತುದಾರರು ನನ್ನನ್ನು ಪಕ್ಕಕ್ಕೆ ಕರೆದು, "ಮೈ ಭಾರವಾಗಿದೆ, ರಾತ್ರಿ ಊಟ ಬಿಡಿಸಿ" ಎಂದರು. ಅವಳಿಗೂ ಅದು ಕೇಳಿಸಿತು. ಅಂದಿನಿಂದ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಸಿ ಏಳುತ್ತಾಳೆ.

ನನ್ನ ಪ್ರಶ್ನೆ ಎರಡು. ಎತ್ತರ ಬೆಳೆದರೆ ನಿಜವಾಗಿಯೂ ಈ ಆಟ ಮುಗಿಯಿತೇ? ಊಟ ಕಡಿಮೆ ಮಾಡಿಸಿದರೆ ಜಿಗಿತಗಳು ವಾಪಸು ಬರುತ್ತವೆಯೇ? ತಿಳಿದವರು ದಯವಿಟ್ಟು ಹೇಳಿ.

ಗಾಲಿಗೆಳತಿ
ಅಕ್ಕಾ, ಮೊದಲು ಅವಳಿಗೆ ಹೊಟ್ಟೆ ತುಂಬ ಊಟ ಹಾಕಿ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಕೆಲಸದಲ್ಲಿದ್ದೇನೆ.

ಖಾನಾಪುರ_ತಾಲೀಮು
ನಾನು ಕುಸ್ತಿ ಮನೆತನದವನು. ತರಬೇತುದಾರರು ಹೇಳಿದ ಮಾತನ್ನು ಇಲ್ಲಿ ಹತ್ತು ಜನರ ಮುಂದೆ ಇಟ್ಟು ಚರ್ಚೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆಟ ಎಂದ ಮೇಲೆ ತೂಕ ನೋಡಲೇಬೇಕು. ನಮ್ಮ ಬೆಳಗಾವಿ ತಾಲ್ಲೂಕಿನ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ ಕುಸ್ತಿಯಂತಹ ಆಟದಲ್ಲಿ ಕಂಚು ಗೆದ್ದದ್ದು 52 ಕೆ.ಜಿ. ವಿಭಾಗದಲ್ಲಿ. ತೂಕದ ಶಿಸ್ತು ಇಲ್ಲದೆ ಅದು ಸಾಧ್ಯವಿತ್ತೇ?

ನಿಪ್ಪಾಣಿ_ಸೊಸೆ
ಅಣ್ಣಾ, ಕುರಾಶ್‌ನಲ್ಲಿ ತೂಕದ ವಿಭಾಗಗಳಿವೆ. 52 ಮೀರಿದರೆ ಮುಂದಿನ ವಿಭಾಗದಲ್ಲಿ ಆಡಬಹುದು. ಸ್ಕೇಟಿಂಗ್‌ನಲ್ಲಿ ತೂಕ ನೋಡುವ ಯಂತ್ರವೇ ಇಲ್ಲ, 40 ಕೆ.ಜಿ.ಯವಳೂ 60 ಕೆ.ಜಿ.ಯವಳೂ ಒಂದೇ ಅಂಕಣದಲ್ಲಿ ಇಳಿಯುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಅವರು ವಯಸ್ಕ ಆಟಗಾರ್ತಿ, ಇವಳು ಇನ್ನೂ ಬೆಳೆಯುತ್ತಿರುವ ಮಗು.

ಅನಗೋಳದ_ಅಪ್ಪ
ಎಂಟು ಸೆಂಟಿಮೀಟರ್ ಎಂದರೆ ಶೇ 5ರಷ್ಟು ಬೆಳವಣಿಗೆ. ಶೇ 5ರಷ್ಟು ಹೆಚ್ಚು ಅಭ್ಯಾಸ ಮಾಡಿದರೆ ಸರಿಹೋಗುತ್ತದೆ, ಇಷ್ಟೊಂದು ಚಿಂತೆ ಏಕೆ?

ಭೌತಶಾಸ್ತ್ರದ_ಮಾಸ್ತರ
ಶೇ 5 ಅಲ್ಲ ಸರ್, ಲೆಕ್ಕ ಬೇರೆ ಇದೆ. ನಾನು ಪಿಯುಸಿ ಮಕ್ಕಳಿಗೆ ಇದೇ ಅಧ್ಯಾಯವನ್ನು ಪಾಠ ಮಾಡುವವನು, ಸ್ವಲ್ಪ ಉದ್ದವಾಗಿ ಬರೆಯಲು ಬಿಡಿ.

ಗಾಳಿಯಲ್ಲಿ ತಿರುಗುವಾಗ ಮುಖ್ಯವಾದದ್ದು ಜಡತ್ವದ ಭ್ರಮಣಾಂಕ (ಮೊಮೆಂಟ್ ಆಫ್ ಇನರ್ಷಿಯಾ), ಅಂದರೆ ತಿರುಗಿಸಲು ಹೋದಾಗ ದೇಹ ಒಡ್ಡುವ ವಿರೋಧ. ಅದು ತೂಕವೊಂದನ್ನೇ ಅವಲಂಬಿಸಿಲ್ಲ. ತೂಕ ತಿರುಗುವ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವೂ ಅದರಲ್ಲಿ ಸೇರುತ್ತದೆ. ಭುಜ ಅಗಲವಾದರೆ, ಸೊಂಟ ಅಗಲವಾದರೆ, ತೋಳು ಉದ್ದವಾದರೆ ಆ ದೂರ ಹೆಚ್ಚುತ್ತದೆ. ದೇಹ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬೆಳೆದಿದೆ ಎಂದುಕೊಂಡರೆ ತೂಕ ಎತ್ತರದ ಘನದಷ್ಟು ಏರುತ್ತದೆ, ಅದಕ್ಕೆ ದೂರದ ವರ್ಗ ಸೇರಿ ಒಟ್ಟು ಐದನೇ ಘಾತವಾಗುತ್ತದೆ. 148ರಿಂದ 156ಕ್ಕೆ ಹೋದರೆ ತಿರುಗಿಸಬೇಕಾದ ಹೊರೆ ಸುಮಾರು ಶೇ 30ರಷ್ಟು ಹೆಚ್ಚು. ಸ್ನಾಯುವಿನ ಬಲ ಅದರ ಅಡ್ಡ ಕೊಯ್ತದ ಪ್ರಕಾರ, ಅಂದರೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದು ಶೇ 11 ಮಾತ್ರ. ಈ ಅಂತರವೇ ಮಗುವನ್ನು ಬೀಳಿಸುತ್ತಿರುವುದು.

ಇನ್ನು ಸಮಯ. 30 ಸೆಂ.ಮೀ. ಮೇಲಕ್ಕೆ ಜಿಗಿದರೆ ಗಾಳಿಯಲ್ಲಿ ಸಿಗುವುದು ಸುಮಾರು ಅರ್ಧ ಸೆಕೆಂಡು. 45 ಸೆಂ.ಮೀ. ಜಿಗಿದರೂ 0.6 ಸೆಕೆಂಡು. ಎತ್ತರ ಒಂದೂವರೆ ಪಟ್ಟಾದರೂ ಸಮಯ ಅಷ್ಟಾಗಿ ಹೆಚ್ಚುವುದಿಲ್ಲ. ಆದ್ದರಿಂದ ಬಿಗಿಯಾಗಿ ಮುದುಡಿಕೊಂಡು ಬೇಗ ತಿರುಗುವ ಪುಟ್ಟ ದೇಹಕ್ಕೆ ಈ ಆಟದಲ್ಲಿ ಲಾಭವಿದೆ. ಇದು ಯಾರ ತಪ್ಪೂ ಅಲ್ಲ.

ಅನಗೋಳದ_ಅಪ್ಪ
ಹಾಗಾದರೆ ತೂಕ ಇಳಿಸಿದರೆ ಹೊರೆ ಇಳಿಯುತ್ತದೆಯಲ್ಲ? ನಿಮ್ಮ ಲೆಕ್ಕವೇ ತರಬೇತುದಾರರ ಪರ ಇದೆ.

ಭೌತಶಾಸ್ತ್ರದ_ಮಾಸ್ತರ
ಊಟ ಬಿಟ್ಟರೆ ಮೂಳೆ ಗಿಡ್ಡವಾಗುವುದಿಲ್ಲ, ಭುಜ ಕಿರಿದಾಗುವುದಿಲ್ಲ. ಕರಗುವುದು ನೆಲವನ್ನು ಒದ್ದು ಮೇಲೇಳಿಸುವ ತೊಡೆಯ ಸ್ನಾಯು. ನಮಗೆ ಬೇಕಾದದ್ದೇ ಅದು. ಅದನ್ನು ಕಳೆದುಕೊಂಡು ಹಗುರಾದರೆ ಜಿಗಿತ ಇನ್ನೂ ಕೆಳಗೆ ಬರುತ್ತದೆ.

ಹಿಮಪ್ರಿಯ_ಗೋಕಾಕ
ಈ ಆಟದ ಇತಿಹಾಸದಲ್ಲೇ ಉತ್ತರವಿದೆ. ನಾನು ಮಂಜಿನ ಸ್ಕೇಟಿಂಗ್ ಅನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ.

ಜಪಾನಿನ ಮಿಕಿ ಆಂಡೊ 2002ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಸ್ಪರ್ಧೆಯಲ್ಲಿ ನಾಲ್ಕು ಸುತ್ತಿನ ಸಾಲ್ಕೋ ಹಾಕಿದ ಮೊದಲ ಹುಡುಗಿ. ದೊಡ್ಡವಳಾದ ಮೇಲೆ ಆ ಜಿಗಿತ ಅವಳಿಗೆ ಮತ್ತೆ ದಕ್ಕಲಿಲ್ಲ. ಆದರೆ 2007ರಲ್ಲಿ ಮತ್ತು 2011ರಲ್ಲಿ ವಿಶ್ವ ಚಾಂಪಿಯನ್ ಆದಳು, ಎರಡೂ ಸಲ ನಾಲ್ಕು ಸುತ್ತು ಇಲ್ಲದೆಯೇ! ಅಲೀನಾ ಜಗಿತೋವಾ 2018ರಲ್ಲಿ ಹದಿನೈದನೇ ವಯಸ್ಸಿಗೆ ಒಲಿಂಪಿಕ್ ಚಿನ್ನ ಗೆದ್ದಳು. ಆ ಮೇಲೆ ಬೆಳೆದಳು, ಮುಂದಿನ ಋತುವಿನಲ್ಲಿ ತಡಬಡಿಸಿದಳು. ಆದರೂ 2019ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಅದೇ ಬೆಳೆದ ದೇಹದಲ್ಲಿ.

ಇಟಲಿಯ ಕರೋಲಿನಾ ಕೋಸ್ಟ್ನರ್ 169 ಸೆಂ.ಮೀ. ಎತ್ತರ. 2012ರಲ್ಲಿ ಇಪ್ಪತ್ತೈದನೇ ವಯಸ್ಸಿಗೆ ವಿಶ್ವ ಚಾಂಪಿಯನ್, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕಂಚು. ಮೂವತ್ತೊಂದರಲ್ಲಿ 2018ರ ಪಿಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲೂ ಇಳಿದು ಐದನೆಯವಳಾದಳು. ತಾಯಿಯವರೇ, ನಿಮ್ಮ ಮಗಳು 156. ಇನ್ನೂ ಎಷ್ಟೋ ದಾರಿ ಇದೆ.

ಗಾಲಿಗೆಳತಿ
ಕೋಸ್ಟ್ನರ್ ಹೆಸರು ಹೇಳಿದಿರಿ, ಕೈ ಮುಗಿಯುತ್ತೇನೆ! ಆ ಉದ್ದನೆಯ ಕಾಲುಗಳು ಅಂಚಿನ ಮೇಲೆ ವಾಲಿ ಜಾರುವಾಗ ಕಾಣುವ ಸೊಗಸು ಪುಟ್ಟ ಮಕ್ಕಳಿಗೆ ಎಲ್ಲಿಂದ ಬರಬೇಕು?

ಶಹಾಪುರ_78
2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ರಷ್ಯಾದ ಕಮಿಲಾ ವಲಿಯೆವಾ ಹದಿನೈದರವಳು. ಚಿಕ್ಕವರೇ ಗೆಲ್ಲುವುದು, ಇದನ್ನು ಒಪ್ಪಿಕೊಳ್ಳಲೇಬೇಕು.

ಹಿಮಪ್ರಿಯ_ಗೋಕಾಕ
ವಲಿಯೆವಾ ವೈಯಕ್ತಿಕ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ, ನಾಲ್ಕನೆಯವಳಾದಳು. ಚಿನ್ನ ಅನ್ನಾ ಶೆರ್ಬಕೋವಾಗೆ, ಬೆಳ್ಳಿ ಐದು ಕ್ವಾಡ್ (ನಾಲ್ಕು ಸುತ್ತಿನ ಜಿಗಿತ) ಹಾಕಿದ ಅಲೆಕ್ಸಾಂಡ್ರಾ ತ್ರುಸೋವಾಗೆ, ಕಂಚು ಜಪಾನಿನ ಕಾವೊರಿ ಸಕಾಮೊಟೊಗೆ. ವಲಿಯೆವಾಳ ಡೋಪಿಂಗ್ ಪರೀಕ್ಷೆಯ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದಯದ ಔಷಧ ಸಿಕ್ಕಿತ್ತು. 2024ರಲ್ಲಿ ಕ್ರೀಡಾ ನ್ಯಾಯಮಂಡಳಿ ಅವಳ ಫಲಿತಾಂಶಗಳನ್ನೇ ರದ್ದು ಮಾಡಿತು. ಹದಿನೈದರ ಮಗುವಿನ ದೇಹಕ್ಕೆ ಆ ಔಷಧ ಹೇಗೆ ಹೋಯಿತು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತದೆ.

ಬೀಜಿಂಗ್ ಒಲಿಂಪಿಕ್ಸ್ ನಡೆದ 2022ರ ಜೂನ್‌ನಲ್ಲೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ನಿರ್ಧರಿಸಿತು, ಎರಡು ಹಂತಗಳಲ್ಲಿ.

ಖಾನಾಪುರ_ತಾಲೀಮು
ವಯಸ್ಸು ಏರಿಸಿದರೆ ಪ್ರತಿಭೆ ಇರುವ ಮಕ್ಕಳಿಗೆ ಅನ್ಯಾಯವಲ್ಲವೇ? ಬೆಳೆಯುವ ಮೊದಲು ಗೆಲ್ಲಬೇಕಾದವರು ಏನು ಮಾಡಬೇಕು?

ನಿಪ್ಪಾಣಿ_ಸೊಸೆ
"ಬೆಳೆಯುವ ಮೊದಲು ಗೆಲ್ಲಬೇಕು" ಎಂಬ ಆ ಆಲೋಚನೆಯೇ ಅನ್ಯಾಯ ಅಣ್ಣಾ. ಹುಡುಗಿ ಹೆಂಗಸಾಗುವುದನ್ನೇ ಆಟದ ಅಂತ್ಯ ಎಂದು ಲೆಕ್ಕ ಹಾಕುವುದು. ಹುಡುಗರಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ?

ಭೌತಶಾಸ್ತ್ರದ_ಮಾಸ್ತರ
ಹುಡುಗರೂ ಎತ್ತರ ಬೆಳೆದು ಎಡವುತ್ತಾರೆ. ಆದರೆ ಅವರಿಗೆ ಆ ವಯಸ್ಸಿನಲ್ಲಿ ಸ್ನಾಯುವೂ ಜೊತೆಜೊತೆಗೆ ಕೂಡುತ್ತದೆ. ಹುಡುಗಿಯರಿಗೆ ಅದು ಅಷ್ಟು ತಾನಾಗಿ ಬರುವುದಿಲ್ಲ, ವ್ಯಾಯಾಮದಿಂದ ಕಟ್ಟಿಕೊಳ್ಳಬೇಕು. ಅದಕ್ಕೇ ಸಮಯ ಬೇಕು ಎನ್ನುವುದು.

ಶಹಾಪುರ_78
ಹಾಗಾದರೆ ಈ ಚಿಕ್ಕ ಮಕ್ಕಳ ಹುಚ್ಚು ಶುರುವಾದದ್ದು ಏಕೆ? ನಮ್ಮ ಕಾಲದಲ್ಲಿ ಟಿ.ವಿ.ಯಲ್ಲಿ ಕಟಾರಿನಾ ವಿಟ್ ನೋಡುತ್ತಿದ್ದೆವು, ಅವರು ದೊಡ್ಡ ಹೆಂಗಸಿನಂತೆಯೇ ಇದ್ದರು.

ಹಿಮಪ್ರಿಯ_ಗೋಕಾಕ
ಒಳ್ಳೆಯ ಪ್ರಶ್ನೆ. ವಿಟ್ ಒಲಿಂಪಿಕ್ ಚಿನ್ನ ಗೆದ್ದದ್ದು 1984 ಮತ್ತು 1988ರಲ್ಲಿ. ಆಗ ಮಂಜಿನ ಮೇಲೆ ನಿಗದಿತ ಆಕೃತಿಗಳನ್ನು ಕೊರೆಯುವ ಕಡ್ಡಾಯ ಸುತ್ತೂ ಇತ್ತು. ತಾಳ್ಮೆ, ಹಿಡಿತ, ವರ್ಷಗಟ್ಟಲೆಯ ಅಭ್ಯಾಸಕ್ಕೆ ಅಲ್ಲಿ ಅಂಕ ಸಿಗುತ್ತಿತ್ತು. 1990ರ ನಂತರ ಅದನ್ನು ಅಂತರರಾಷ್ಟ್ರೀಯ ಸ್ಪರ್ಧೆಯಿಂದ ತೆಗೆದುಬಿಟ್ಟರು, ಜಿಗಿತದ ಬೆಲೆ ಏರಿತು. 1998ರಲ್ಲಿ ಹದಿನೈದರ ತಾರಾ ಲಿಪಿನ್ಸ್ಕಿ, ಮಿಷೆಲ್ ಕ್ವಾನ್‌ರನ್ನು ಹಿಂದಿಕ್ಕಿ ಒಲಿಂಪಿಕ್ ಚಿನ್ನ ಗೆದ್ದಳು. ಎರಡೇ ವರ್ಷದಲ್ಲಿ ಅವಳ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು, ಇನ್ನೂ ಹದಿಹರೆಯದಲ್ಲೇ.

2018ರ ನಂತರದ ಅಂಕಪಟ್ಟಿ ನೋಡಿ. ಮೂರು ಸುತ್ತಿನ ಲುಟ್ಸ್ ಎಂಬ ಜಿಗಿತಕ್ಕೆ ಮೂಲ ಅಂಕ 5.9, ನಾಲ್ಕು ಸುತ್ತಿನದಕ್ಕೆ 11.5. ಹೆಚ್ಚುಕಡಿಮೆ ದುಪ್ಪಟ್ಟು. ಇಂತಹ ಪಟ್ಟಿ ಇದ್ದಾಗ ಗಿಡ್ಡ, ತೆಳು ಮಕ್ಕಳನ್ನು ಹುಡುಕಿ ಕ್ವಾಡ್ ಕಲಿಸುವ ಶಾಲೆಗಳು ಹುಟ್ಟದೆ ಇರುತ್ತವೆಯೇ? ದೇಹವನ್ನು ಆರಿಸುವುದು ಈ ಅಂಕಪಟ್ಟಿ. ಅದಕ್ಕೆ ನಮ್ಮ ಮಕ್ಕಳು ತಮ್ಮ ಮೈಯನ್ನು ಬೈದುಕೊಳ್ಳುತ್ತಾರೆ, ಅದೇ ನನಗೆ ಸಂಕಟ.

ಹಿಂದವಾಡಿ_ಡಾಕ್ಟರ್
ಸ್ತ್ರೀರೋಗ ತಜ್ಞೆಯಾಗಿ ಬರೆಯುತ್ತಿದ್ದೇನೆ. ತಾಯಿಯವರೇ, ಇದನ್ನು ನಿಧಾನವಾಗಿ ಓದಿ.

ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸಾಮಾನ್ಯವಾಗಿ ಹನ್ನೊಂದು–ಹನ್ನೆರಡರ ಹೊತ್ತಿಗೆ. ಮೊದಲ ಮುಟ್ಟು ಬರುವುದು ಆ ಉಬ್ಬರ ಇಳಿಯತೊಡಗಿದ ಮೇಲೆ. ಅಂದರೆ ನಿಮ್ಮ ಮಗಳ ಎತ್ತರದ ಬಹುಭಾಗ ಆಗಿಹೋಗಿದೆ, ಇನ್ನು ಕೆಲವು ಸೆಂಟಿಮೀಟರ್ ಮಾತ್ರ ಬಾಕಿ ಇರಬಹುದು. ಈ ವಯಸ್ಸಿನಲ್ಲಿ ಸೊಂಟ, ಎದೆಯಲ್ಲಿ ಕೊಬ್ಬು ಕೂಡುವುದು ಆರೋಗ್ಯದ ಲಕ್ಷಣ, ಅದನ್ನು ರೋಗದಂತೆ ನೋಡಬೇಡಿ.

ಎಲುಬು ಮೊದಲು ಉದ್ದವಾಗುತ್ತದೆ, ಅದರೊಳಗೆ ಖನಿಜ ತುಂಬಿ ಗಟ್ಟಿಯಾಗುವುದು ತಡವಾಗಿ. ಈ ನಡುವಿನ ತಿಂಗಳುಗಳಲ್ಲಿ ಎಲುಬು ಮುರಿಯುವ ಅಪಾಯ ಹೆಚ್ಚು. ಜಿಗಿದು ಒಂದೇ ಕಾಲಿನ ಮೇಲೆ ಇಳಿಯುವಾಗ ಮೈತೂಕದ ಹಲವು ಪಟ್ಟು ಬಲ ಆ ಕಾಲಿಗೆ ಬೀಳುತ್ತದೆ. ಇಂತಹ ಹೊತ್ತಿನಲ್ಲಿ ಊಟ ತಪ್ಪಿಸಿದರೆ ಏನಾಗುತ್ತದೆ? ಖರ್ಚಿಗೆ ತಕ್ಕ ಶಕ್ತಿ ಸಿಗದಿದ್ದಾಗ ದೇಹ ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಎಲುಬು ಸೊರಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟಿತು. ಜೀವನಪೂರ್ತಿ ಸಾಲಬೇಕಾದ ಎಲುಬಿನ ಗಟ್ಟಿತನದ ಬಹುಪಾಲು ಕೂಡುವುದು ಇಪ್ಪತ್ತರ ಒಳಗೆ. ಈಗ ಕಳೆದುಕೊಂಡದ್ದು ಮುಂದೆ ಪೂರ್ತಿ ಸಿಗುವುದಿಲ್ಲ.

ಮುಟ್ಟು ಶುರುವಾಗಿ ಆಮೇಲೆ ಮೂರು ತಿಂಗಳು ನಿಂತುಹೋದರೆ, ಕಾಲಿನ ಎಲುಬಿನಲ್ಲಿ ಒಂದೇ ಜಾಗದಲ್ಲಿ ನೋವು ಕೂತರೆ, ಮಗು ಎಲ್ಲರ ಜೊತೆ ಉಣ್ಣುವುದನ್ನು ತಪ್ಪಿಸತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅರ್ಧ ರೊಟ್ಟಿ ಉಳಿಸಿ ಏಳುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಷ್ಯಾದ ಯೂಲಿಯಾ ಲಿಪ್ನಿತ್ಸ್ಕಾಯಾ ಸೋಚಿಯಲ್ಲಿ ಹದಿನೈದಕ್ಕೆ ತಂಡದ ಚಿನ್ನ ಗೆದ್ದವಳು. ಊಟವನ್ನೇ ದೂರ ಮಾಡುವ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದು, ಹತ್ತೊಂಬತ್ತರಲ್ಲಿ ಆಟ ಬಿಟ್ಟಳು.

ತಿಲಕವಾಡಿ_ತಾಯಿ
ಡಾಕ್ಟರರೇ, ನಿಮ್ಮ ಬರಹ ಓದಿ ಕೈ ನಡುಗಿತು. ಮೊಣಕಾಲ ಚಿಪ್ಪಿನ ಕೆಳಗೆ ನೋವು ಎನ್ನುತ್ತಾಳೆ, ಸ್ವಲ್ಪ ಉಬ್ಬಿದೆ. ಎಣ್ಣೆ ತಿಕ್ಕುತ್ತಿದ್ದೇವೆ.

ಹಿಂದವಾಡಿ_ಡಾಕ್ಟರ್
ಗಾಬರಿಯಾಗಬೇಡಿ. ಬೆಳೆಯುವ ಮಕ್ಕಳಲ್ಲಿ, ಅದರಲ್ಲೂ ಜಿಗಿಯುವ ಆಟದವರಲ್ಲಿ, ತೊಡೆಯ ಸ್ನಾಯು ಮೊಣಕಾಲ ಕೆಳಗಿನ ಎಲುಬನ್ನು ಎಳೆದು ಅಲ್ಲಿ ಉಬ್ಬು ಬರುವುದುಂಟು. ಹೆಚ್ಚಿನವರಿಗೆ ಬೆಳವಣಿಗೆ ಮುಗಿದ ಮೇಲೆ ಕಡಿಮೆಯಾಗುತ್ತದೆ. ಆದರೆ ನೋಡದೆ ಅದೇ ಎಂದು ಹೇಳಲಾರೆ. ಮೂಳೆ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಜಿಗಿತ ಬೇಡ.

ವಿಜಯಪುರ_ಸೈಕಲ್
ನಮ್ಮಲ್ಲಿ ಸೈಕ್ಲಿಂಗ್ ಹುಡುಗಿಯರಿಗೂ ಇದೇ ಕಥೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟು ಸೈಕಲ್ ಪಟುಗಳು ಬಂದಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಹುಡುಗಿ ದೊಡ್ಡವಳಾದ ಕೂಡಲೇ "ಕಾಲು ದಪ್ಪವಾಯಿತು" ಎಂದು ಮನೆಯವರೇ ಮಾತನಾಡುತ್ತಾರೆ. ಆ ಕಾಲೇ ಅವಳ ಬಂಡವಾಳ! ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಇಷ್ಟು ಹೊಟ್ಟೆ ತುಂಬ ಉಂಡು ಮಲಗಬೇಕು.

ಶಹಾಪುರ_78
ಶೇಂಗಾ ಹಿಂಡಿ ಎಂದಾಕ್ಷಣ ಹಸಿವಾಯಿತು. ಮೊಸರು ಎಮ್ಮೆಯದೇ ಆಗಬೇಕು.

ನಿಪ್ಪಾಣಿ_ಸೊಸೆ
ಉಡುಪಿನ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ನಾದಿನಿಯ ಮಗಳು ಸ್ಕೇಟಿಂಗ್ ಬಿಟ್ಟದ್ದೇ ಅದರಿಂದ. ಹನ್ನೆರಡರವರೆಗೆ ಬಿಗಿ ಉಡುಪು ಹಾಕಿಕೊಂಡು ಹಾಯಾಗಿ ತಿರುಗಿದವಳು, ಮುಟ್ಟು ಶುರುವಾದ ಮೇಲೆ ಅಂಕಣಕ್ಕೆ ಕಾಲಿಡಲು ನಾಚಿದಳು. ಕಟ್ಟೆಯ ಮೇಲೆ ಕುಳಿತು ನೋಡುವ ಗಂಡಸರ ಕಣ್ಣು ಬೇರೆ. ಒಳ್ಳೆಯ ಕ್ರೀಡಾ ಬ್ರಾ, ಒಳಗೆ ಕಪ್ಪು ಚಡ್ಡಿ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಇಷ್ಟು ಇದ್ದಿದ್ದರೆ ಅವಳು ಉಳಿಯುತ್ತಿದ್ದಳು ಎಂದು ನನಗೆ ಇಂದಿಗೂ ಅನಿಸುತ್ತದೆ.

ಗಾಲಿಗೆಳತಿ
ನಿಜ ಅಕ್ಕಾ, ಮುಟ್ಟಿನ ದಿನ ತಿಳಿ ಬಣ್ಣದ ಉಡುಪಿನಲ್ಲಿ ಸ್ಪರ್ಧೆಗೆ ಇಳಿಯುವ ಭಯ ಯಾವ ತರಬೇತುದಾರರ ಟಿಪ್ಪಣಿ ಪುಸ್ತಕದಲ್ಲೂ ಇರುವುದಿಲ್ಲ.

ಈಗ ನನ್ನದನ್ನು ಹೇಳುತ್ತೇನೆ. ನಾನು ಬೆಳಗಾವಿಯಲ್ಲೇ ಆರ್ಟಿಸ್ಟಿಕ್ ಕಲಿತವಳು, ಈಗ ಪುಣೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಎಂಟನೇ ತರಗತಿಯಲ್ಲಿ ನಾನೂ ಹೀಗೆ ಒಮ್ಮೆಲೇ ಉದ್ದವಾದೆ. ಭುಜ ಎಲ್ಲಿದೆ, ಮೊಣಕೈ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಹಳೆಯ ಲಯದಲ್ಲಿ ಜಿಗಿದರೆ ತೋಳು ಎದೆಗೆ ಬರುವ ಮೊದಲೇ ನೆಲ ಬಂದುಬಿಡುತ್ತಿತ್ತು. ಎಲ್ಲರೂ ನನ್ನ ಸೊಂಟ ನೋಡಿದರು; ನನ್ನ ಆಗಿನ ತರಬೇತುದಾರ್ತಿ ಒಬ್ಬರು ಮಾತ್ರ ನನ್ನ ಜಿಗಿತದ ಸಮಯ ನೋಡಿದರು. ಆಕ್ಸೆಲ್ ನಿಲ್ಲಿಸಿ ಅರ್ಧ ಸುತ್ತಿನ ವಾಲ್ಟ್ಸ್ ಜಿಗಿತಕ್ಕೆ ಇಳಿಸಿದರು. ಅಂಕಣದ ಹೊರಗೆ ಗೋಡೆಯ ಪಕ್ಕ ಬರಿಗಾಲಲ್ಲಿ ಜಿಗಿಸಿ, ಒಂದೇ ಕಾಲಿನ ಮೇಲೆ ಮೆತ್ತಗೆ ಇಳಿಯುವುದನ್ನು ಕಲಿಸಿದರು. ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರು. ಆ ಋತುವಿನಲ್ಲಿ ಸ್ಪರ್ಧೆಗೆ ಸುಲಭದ ಜಿಗಿತಗಳನ್ನಿಟ್ಟು, ಸುತ್ತು ಮತ್ತು ಹೆಜ್ಜೆಗಳ ಮೇಲೆ ಅಂಕ ಹೆಕ್ಕಿದೆವು. ಆಕ್ಸೆಲ್ ವಾಪಸು ಬಂತು, ಹಿಂದಿನದಕ್ಕಿಂತ ದೊಡ್ಡದಾಗಿ, ದೂರಕ್ಕೆ ಹಾರುವಂತೆ. ಡಬಲ್‌ಗಳು ಬರಲು ಬಹಳ ಸಮಯ ಹಿಡಿಯಿತು, ಒಂದು ಜಿಗಿತ ಬರಲೇ ಇಲ್ಲ. ಬರದಿದ್ದರೆ ಬೇಡ ಎನ್ನುವ ಧೈರ್ಯವೂ ಕಲಿಸುವವರಿಗೆ ಬೇಕು.

ಇನ್ನೊಂದು ಮಾತು. ನಮ್ಮ ಗಾಲಿಯ ಸ್ಕೇಟ್ ಮಂಜಿನ ಸ್ಕೇಟ್‌ಗಿಂತ ಭಾರ. ಕಾಲಿನ ತುದಿಯಲ್ಲಿ ಆ ಭಾರ ಹೊತ್ತು ಜಿಗಿಯಬೇಕಾದ ಹುಡುಗಿಗೆ ಬಲ ಬೇಕು, ಬಲಕ್ಕೆ ಊಟ ಬೇಕು.

ಖಾನಾಪುರ_ತಾಲೀಮು
ನಮ್ಮ ತಾಲೀಮಿನಲ್ಲೂ ಹದಿಮೂರರ ಹುಡುಗನನ್ನು ಯಾರೂ ಉಪವಾಸ ಕೆಡವುವುದಿಲ್ಲ. ಹಾಲು, ಬಾದಾಮಿ, ತುಪ್ಪ ಕೊಟ್ಟೇ ಬೆಳೆಸುವುದು. ಆದರೂ ಶಿಸ್ತು ಬೇಡ ಎನ್ನುವುದನ್ನು ನಾನು ಒಪ್ಪಲಾರೆ. ತರಬೇತುದಾರರ ಎದುರು ಹೋಗಿ ಮಾತನಾಡಿ, ಬೆನ್ನ ಹಿಂದೆ ಬೇಡ.

ನಿಪ್ಪಾಣಿ_ಸೊಸೆ
ಈ ಮಾತು ಸರಿ ಅಣ್ಣಾ. ಎದುರು ಮಾತನಾಡಲಿ. ಡಾಕ್ಟರರ ಚೀಟಿ ಕೈಯಲ್ಲಿ ಹಿಡಿದು ಮಾತನಾಡಲಿ.

ಅನಗೋಳದ_ಅಪ್ಪ
ನನ್ನ ಮಗಳೂ ಸ್ಕೇಟಿಂಗ್ ಮಾಡುತ್ತಾಳೆ, ಒಂಬತ್ತು ವರ್ಷ. ಮುಂದೆ ಮಂಜಿನ ಮೇಲೆ ಕಳುಹಿಸುವ ಆಸೆ. ಭಾರತದಲ್ಲಿ ಎಲ್ಲಿ ಸಾಧ್ಯ?

ಹಿಮಪ್ರಿಯ_ಗೋಕಾಕ
ದೊಡ್ಡ ಒಳಾಂಗಣ ಮಂಜಿನ ಅಂಕಣ ಇರುವುದು ಡೆಹ್ರಾಡೂನ್‌ನಲ್ಲಿ. ಗುರುಗ್ರಾಮದ ಮಾಲ್ ಒಂದರಲ್ಲಿ ಚಿಕ್ಕದಿದೆ. ನಮ್ಮ ರಾಷ್ಟ್ರೀಯ ಚಾಂಪಿಯನ್ ತಾರಾ ಪ್ರಸಾದ್ ಕಲಿತದ್ದು ಅಮೆರಿಕದಲ್ಲಿ. ಗಾಲಿಯಲ್ಲೇ ದೊಡ್ಡ ಗುರಿ ಇಟ್ಟುಕೊಳ್ಳಿ ಸರ್. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಆರ್ಟಿಸ್ಟಿಕ್‌ನಲ್ಲಿ ಕಂಚು ತಂದರು, ಅವನಿ ಪಾಂಚಾಲ್ ಜೊತೆಗೂಡಿ ಜೋಡಿ ವಿಭಾಗದಲ್ಲಿ ಇನ್ನೊಂದು ಕಂಚು.

ತಾಯಿಯವರೇ, ಮಗಳಿಗೆ ವಿಡಿಯೊ ತೋರಿಸುವುದಾದರೆ ಕಾವೊರಿ ಸಕಾಮೊಟೊ ತೋರಿಸಿ. ಟ್ರಿಪಲ್ ಆಕ್ಸೆಲ್ ಇಲ್ಲ, ಕ್ವಾಡ್ ಇಲ್ಲ. ವೇಗ, ಬಲ, ಅಂಕಣದ ಉದ್ದಕ್ಕೂ ಹಾರುವ ಡಬಲ್ ಆಕ್ಸೆಲ್. 2022, 2023, 2024, ಸತತ ಮೂರು ವಿಶ್ವ ಪ್ರಶಸ್ತಿ. ಆಮೇಲೆ ಅಲಿಸಾ ಲಿಯು. ಹದಿಮೂರಕ್ಕೆ ಅಮೆರಿಕದ ಚಾಂಪಿಯನ್, ಹದಿನಾರಕ್ಕೆ ಸಾಕು ಎಂದು ಬಿಟ್ಟು ಮನೆಗೆ ಹೋದಳು. ಎರಡು ವರ್ಷ ಸ್ಪರ್ಧೆಯ ಕಡೆ ತಲೆ ಹಾಕಲಿಲ್ಲ. ಮರಳಿ ಬಂದು 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು, ಪೂರ್ತಿ ಬೆಳೆದ ಹೆಣ್ಣಾಗಿ, ನಗುನಗುತ್ತಾ. ಅವಳ ಹಿಂದೆ ಎರಡನೇ ಸ್ಥಾನದಲ್ಲಿ ಸಕಾಮೊಟೊ.

ತಿಲಕವಾಡಿ_ತಾಯಿ
ಎಲ್ಲರಿಗೂ ಮನಸಾರೆ ಧನ್ಯವಾದ. ಮೂಳೆ ವೈದ್ಯರಿಗೆ ತೋರಿಸಿದೆವು. ಡಾಕ್ಟರರು ಇಲ್ಲಿ ಹೇಳಿದ ಉಬ್ಬೇ ಅದು. ಕೆಲವು ವಾರ ಜಿಗಿತ ಬೇಡ, ವ್ಯಾಯಾಮ ಮಾಡಲಿ ಎಂದಿದ್ದಾರೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದಿದೆ, ಕಬ್ಬಿಣದ ಮಾತ್ರೆ ಶುರುವಾಗಿದೆ. ತರಬೇತುದಾರರ ಜೊತೆ ಎದುರೇ ಮಾತನಾಡಿದೆ. ಊಟದ ಬಗ್ಗೆ, ಮೈ ಬಗ್ಗೆ ಮಗುವಿನ ಮುಂದೆ ಒಂದು ಮಾತೂ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಈ ಋತುವಿನಲ್ಲಿ ಸುತ್ತು, ಹೆಜ್ಜೆಗಳ ಅಭ್ಯಾಸ ಮಾತ್ರ ಎಂಬುದಕ್ಕೆ ಒಪ್ಪಿದ್ದಾರೆ. ಮಾತು ತಪ್ಪಿದರೆ ಬೇರೆ ಕಡೆ ಸೇರಿಸುತ್ತೇನೆ.

ಒಂದು ಸಣ್ಣ ಪ್ರಶ್ನೆ. ಅವಳ ಬೂಟು ಬಿಗಿಯಾಗಿದೆ ಎನ್ನುತ್ತಾಳೆ. ಹೊಸದು ದುಬಾರಿ, ಎರಡು ಅಳತೆ ದೊಡ್ಡದು ತೆಗೆದುಕೊಂಡರೆ ಮುಂದಿನ ವರ್ಷಕ್ಕೂ ಆಗುತ್ತದೆಯೇ?

ಗಾಲಿಗೆಳತಿ
ದೊಡ್ಡದು ಬೇಡವೇ ಬೇಡ ಅಕ್ಕಾ. ಹಿಮ್ಮಡಿ ಒಳಗೆ ಅಲುಗಾಡಿದರೆ ಕಣಕಾಲು ಹೊರಳುತ್ತದೆ, ಈಗಂತೂ ಅವಳಿಗೆ ಅದು ಆಗಲೇಬಾರದು. ನೇರ ನಿಂತಾಗ ಬೆರಳ ತುದಿ ಮುಂದೆ ತಾಗಿಯೂ ತಾಗದಂತಿರಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಪಾದವನ್ನು ಸಂಜೆ ಅಳೆಯಿರಿ, ಬೆಳಗ್ಗೆಗಿಂತ ಆಗ ಸ್ವಲ್ಪ ಉಬ್ಬಿರುತ್ತದೆ. ಹೊಸ ಬೂಟಿಗೆ ಗಾಲಿಯ ತಟ್ಟೆ ಜೋಡಿಸುವಾಗ ಮಧ್ಯರೇಖೆ ತಪ್ಪದಂತೆ ನೋಡಿಕೊಳ್ಳಲು ಹೇಳಿ, ಗಾಲಿಗಳು ಹಳೆಯವೇ ನಡೆಯುತ್ತವೆ. ನನ್ನ ಹಳೆಯ ವಿದ್ಯಾರ್ಥಿನಿಯ ಒಂದು ಜೊತೆ ಬೂಟು ಚೆನ್ನಾಗಿಯೇ ಇದೆ. ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಖಾಸಗಿ ಸಂದೇಶಕ್ಕೆ ಕಳುಹಿಸಿ. ಹೊಂದಿದರೆ ಮುಂದಿನ ಸಲ ಊರಿಗೆ ಬರುವಾಗ ತರುತ್ತೇನೆ, ದುಡ್ಡು ಬೇಡ.